ಲ್ಯಾಬಿನೊಳಗಿನ ಹುಳದ ಮನೆ

ಕೋಗಿಲಿನಿಂದ ನಮ್ಮ ಲ್ಯಾಬಿನ ಅಟೆಂಡರಮ್ಮನ ಮಗಳು ಫೋನು ಮಾಡಿದಾಗ ನಾನೊಂದು ಹಳೆಯ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ, ಒಳಗಿನ ಧೂಳನ್ನು ಬ್ರಶ್ಶಿನಿಂದ ಗುಡಿಸುತ್ತಿದ್ದೆ. "ಅಮ್ಮ ತೀರ್ಕೊಂಡ್ರು ಸಾರ್, ಬೆಳಿಗ್ಗೆ. ನಿಮ್ಗೆ ಯೇಳ್ಬೇಕು ಅನ್ನಿಸ್ತು" ಎಂದಳು. "ಬರ್ತೀನಮ್ಮ" ಎಂದು ಫೋನಿಟ್ಟೆ. ಆಮೇಲೆ ಎಷ್ಟೋ ಹೊತ್ತು, ಆ ಕಂಪ್ಯೂಟರಿನೊಳಗಿನ ಕರೆಂಟಿಲ್ಲದ ಪುಟ್ಟ ಫ್ಯಾನನ್ನು ಬೆರಳಿನಿಂದ ತಿರುಗಿಸುತ್ತಾ ಕೂತಿದ್ದೆ. ಅದು ತಿರುಗಿ ತಿರುಗಿ ನಿಲ್ಲುತ್ತಿತ್ತು, ನಾನು ಮತ್ತೆ ತಿರುಗಿಸುತ್ತಿದ್ದೆ.

ಅವರು ಕೊಡಿಗೇಹಳ್ಳಿ ಕಡೆಯ ಒಂದು ಸಣ್ಣ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದರು. ನಾನು ಅದೇ ಲ್ಯಾಬಿನ ಉಸ್ತುವಾರಿ. ಉಸ್ತುವಾರಿ ಎಂದರೆ ದೊಡ್ಡ ಹುದ್ದೆಯೇನಲ್ಲ. ಒಂದು ವರ್ಷ ನೋಡುತ್ತೇವೆ, ಸರಿಹೋದರೆ ಇಟ್ಟುಕೊಳ್ಳುತ್ತೇವೆ ಅಂತ ಹೇಳಿ ತೆಗೆದುಕೊಂಡಿದ್ದರು. ಆದರೂ ನನಗೆ ಅದು ದೊಡ್ಡದೇ. ನಮ್ಮಪ್ಪ ಯಶವಂತಪುರದ ಯಾರ್ಡಿನಲ್ಲಿ ಮೂಟೆ ಹೊರುತ್ತಿದ್ದವರು. ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದ ಮೊದಲನೆಯವನು ನಾನು. ಹಗಲು ಆರ್.ಟಿ. ನಗರದ ಜೆರಾಕ್ಸ್ ಅಂಗಡಿಯಲ್ಲಿ ನಿಂತು, ಸಂಜೆ ಕಾಲೇಜಿಗೆ ಹೋಗಿ, ಗಣಿತದಲ್ಲಿ ಎರಡು ಸಲ ಬಿದ್ದು ಎದ್ದು ಡಿಗ್ರಿ ತೆಗೆದುಕೊಂಡವನು. ಆ ಕೆಲಸ ಸಿಕ್ಕಿದ ದಿನ ಅಪ್ಪ ಯಾರ್ಡಿನವರಿಗೆಲ್ಲ ಟೀ ಕೊಡಿಸಿ "ನನ್ ಮಗ ಕಾಲೇಜಲ್ಲವ್ನೆ" ಎಂದಿದ್ದರಂತೆ. ಆ ಹೆಮ್ಮೆಯನ್ನು ನಾನು ಇವತ್ತಿಗೂ ಮುಚ್ಚಿಡುವುದಿಲ್ಲ. ಅದೇ ಹೆಮ್ಮೆ ನನ್ನಿಂದ ಒಂದು ಕೆಟ್ಟ ಕೆಲಸವನ್ನೂ ಮಾಡಿಸಿತು. ಅಟೆಂಡರಮ್ಮನ ಬಗ್ಗೆ ಬರೆಯುವಾಗ ಅದನ್ನು ಬಿಟ್ಟು ಬರೆಯಲಾರೆ.

ಲ್ಯಾಬು ಎರಡನೇ ಮಹಡಿಯಲ್ಲಿತ್ತು. ಮೇಲೆ ಬರೀ ತಾರಸಿ, ಪಶ್ಚಿಮಕ್ಕೆ ಕಿಟಕಿ. ಅರವತ್ತು ಕಂಪ್ಯೂಟರು. ಎರಡು ಎಸಿ ಇದ್ದವು, ಅದರಲ್ಲೊಂದು ಶಬ್ದ ಮಾತ್ರ ಮಾಡುತ್ತಿತ್ತು. ಬೆಳಿಗ್ಗೆ ಎಲ್ಲವನ್ನೂ ಚಾಲೂ ಮಾಡಿದ ಮೇಲೆ ಅವರು ಚಪ್ಪಲಿ ಹೊರಗೆ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಾಲುಗಳ ನಡುವೆ ನಡೆಯುತ್ತಿದ್ದರು. ಒಂದೊಂದು ಯಂತ್ರದ ಹತ್ತಿರವೂ ಬಗ್ಗಿ, ಬಲಗೈಯ ಹಿಂಬದಿಯನ್ನು ಅದರ ಮೈಗೆ ಮುಟ್ಟಿಸಿ, ಒಂದು ಉಸಿರಿನಷ್ಟು ಹೊತ್ತು ನಿಂತು, ಮುಂದಿನದಕ್ಕೆ ಹೋಗುತ್ತಿದ್ದರು. ಆ ನಡಿಗೆಯಲ್ಲಿ ಯಾವ ಅವಸರವೂ ಇರುತ್ತಿರಲಿಲ್ಲ. ನಿದ್ದೆ ಮಾಡುವ ಮಕ್ಕಳ ನಡುವೆ ನಡೆದ ಹಾಗೆ ಇರುತ್ತಿತ್ತು.

ನಾನು ಸೇರಿದ ಮೊದಲ ವಾರವೇ ಬಂದು, "ಅದಿನೇಳನೇದು ಮೈ ಬೆಚ್ಚಗೈತೆ ಮಗ" ಎಂದರು.

"ಎಲ್ಲಾನೂ ಬೆಚ್ಚಗೇ ಇರ್ತಾವಮ್ಮ, ಕರೆಂಟಲ್ವಾ" ಎಂದೆ.

"ಬೆಚ್ಚಗಿರೋದು ಬ್ಯಾರೆ, ಜ್ವರ ಬರೋದು ಬ್ಯಾರೆ."

ನಗು ಬಂತು. ಆದರೂ ನೋಡೋಣವೆಂದು, ಪ್ರೊಸೆಸರಿನ ಶಾಖ ತೋರಿಸುವ ಒಂದು ಪ್ರೋಗ್ರಾಮ್ ಹಾಕಿದೆ. ಹದಿನೇಳನೆಯದು ಉಳಿದವಕ್ಕಿಂತ ಇಪ್ಪತ್ತು ಡಿಗ್ರಿ ಜಾಸ್ತಿ ಕಾಯುತ್ತಿತ್ತು. ಬಿಚ್ಚಿ ನೋಡಿದರೆ ಒಳಗಿನ ಫ್ಯಾನಿಗೆ ಒಂದು ವೈರು ಅಡ್ಡ ಬಂದು ಅದು ತಿರುಗುತ್ತಲೇ ಇರಲಿಲ್ಲ. ಸರಿಮಾಡಿ ಮುಚ್ಚಿದೆ. ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ, "ಇಪ್ಪತ್ತೆರಡು ವರ್ಸ ಉಳ ಸಾಕಿವ್ನಿ" ಎಂದರು.

ಹುಳ ಎಂದರೆ ರೇಷ್ಮೆ ಹುಳ. ಕೋಗಿಲು ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ ಅವರು ಅಲ್ಲಿಗೆ ಸೊಸೆಯಾಗಿ ಬಂದವರು. ಹಿತ್ತಲಲ್ಲಿ ಹುಳದ ಮನೆ, ಅದರಾಚೆ ಹಿಪ್ಪುನೇರಳೆ ತೋಟ. ತೋಟ ಸೈಟುಗಳಾಗಿ, ಗಂಡ ತೀರಿಕೊಂಡ ಮೇಲೆ ಈ ಕೆಲಸಕ್ಕೆ ಸೇರಿದ್ದರು. ಓದು ಬರುತ್ತಿರಲಿಲ್ಲ. ಪ್ರೊಸೆಸರು ಅಂದರೇನು ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ಅವರು ಕೇಳಿರಲೂ ಇಲ್ಲ. ಅವರ ಲೆಕ್ಕದಲ್ಲಿ ಅದು ಬಿಸಿಗೂ ಸೆಕೆಗೂ ನರಳುವ ಒಂದು ಜೀವ, ಅದಕ್ಕೆ ಗಾಳಿ ಬೇಕು, ಅಷ್ಟೇ.

ರೇಷ್ಮೆ ಹುಳ ಪೊರೆ ಬಿಡುವ ಮೊದಲು ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದಂತೆ. ಸಾಕುವವರು ಅದಕ್ಕೆ ಜ್ವರಕ್ಕೆ ಕೂತಿದೆ ಅನ್ನುತ್ತಾರೆ. ಕಂಪ್ಯೂಟರು ಹ್ಯಾಂಗ್ ಆಗಿ ನಿಂತರೂ ಅವರು ಅದನ್ನೇ ಅನ್ನುತ್ತಿದ್ದರು. ಹುಡುಗರು ಕೀಬೋರ್ಡು ಕುಟ್ಟುತ್ತಿದ್ದರೆ, "ಸುಮ್ಕಿರ್ರೋ, ಜ್ವರಕ್ಕೆ ಕೂತೈತೆ. ಕುಟ್ಟಿದ್ರೆ ಎದ್ದೇಳ್ತದಾ?" ಎಂದು ಗದರಿಸಿ, ಆ ಯಂತ್ರವನ್ನು ಆರಿಸಿ, ಪಕ್ಕದ ಕಿಟಕಿ ತೆಗೆಸುತ್ತಿದ್ದರು. ಹತ್ತು ನಿಮಿಷ ಬಿಟ್ಟು ಹಾಕಿದರೆ ಅದು ಸರಿಹೋಗಿರುತ್ತಿತ್ತು. ಹುಡುಗರಿಗೆ ಇದೊಂದು ಮಂತ್ರದ ಹಾಗೆ ಕಾಣುತ್ತಿತ್ತು. ಅತಿಯಾಗಿ ಕಾದ ಪ್ರೊಸೆಸರು ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ, ಅದಕ್ಕೂ ಬಗ್ಗದಿದ್ದರೆ ನಿಂತುಬಿಡುತ್ತದೆ ಅಂತ ನಾನು ಪುಸ್ತಕದಲ್ಲಿ ಓದಿದ್ದೆ. ಅವರು ಹೇಳಿದ್ದೂ ಅದನ್ನೇ ಅಂತ ನನಗೆ ಆಗ ಹೊಳೆಯಲಿಲ್ಲ.

ಒಂದು ಸಲ ಪ್ರೊಸೆಸರಿನ ತಲೆಗೆ ಬಳಿಯುವ ಪೇಸ್ಟನ್ನು ನಾನು ಧಾರಾಳವಾಗಿ ಹಾಕುತ್ತಿದ್ದೆ. ಅದರ ಶಾಖವನ್ನು ಮೇಲಿನ ಲೋಹಕ್ಕೆ ದಾಟಿಸುವ ಬೂದು ಬಣ್ಣದ ಪೇಸ್ಟು ಅದು. ಪಕ್ಕದಲ್ಲಿ ಎಲೆ ಅಡಿಕೆ ಮೆಲ್ಲುತ್ತಾ ನಿಂತಿದ್ದವರು, "ಅದೇನ್ ಮಗ, ರೊಟ್ಟಿಗೆ ಬೆಣ್ಣೆ ಅಚ್ದಂಗೆ ಅಚ್ತಿದ್ದೀಯ?" ಎಂದರು.

"ಮತ್ತೆಷ್ಟು ಹಚ್ಚಬೇಕು?"

"ಎಲೆಗೆ ಸುಣ್ಣ ಸವರ್ದಂಗೆ. ಜಾಸ್ತಿ ಆದ್ರೆ ಬಾಯಿ ಬೇಯ್ತದೆ."

ಆಮೇಲೆ ಓದಿ ನೋಡಿದರೆ ಅದೇ ಸರಿ. ದಪ್ಪ ಬಳಿದರೆ ಶಾಖ ದಾಟುವುದಿಲ್ಲ.

ಆಯುಧ ಪೂಜೆಯ ದಿನ ಹುಡುಗಿಯರು ಚೆಂಡು ಹೂವಿನ ಹಾರ ತಂದು ಪ್ರತಿ ಕಂಪ್ಯೂಟರಿಗೂ ಹಾಕುತ್ತಿದ್ದರೆ, ಇವರು ಹಿಂದೆ ಹಿಂದೆ ನಡೆದು, ಗಾಳಿ ಹೋಗುವ ತೂತಿನ ಮೇಲೆ ಬಿದ್ದ ಹಾರಗಳನ್ನೆಲ್ಲ ತೆಗೆದು ಪರದೆಯ ಮೇಲಕ್ಕೆ ಹಾಕುತ್ತಾ ಬಂದರು. "ಮೂಗಿಗೆ ಯಾರಾದ್ರೂ ಊ ತುರುಕ್ತಾರೇನವ್ವಾ? ಕೊರಳಿಗೆ ಆಕಿ."

ಇನ್ನೊಂದು ದಿನ, ಕೊನೆಯ ವರ್ಷದ ಒಬ್ಬ ಹುಡುಗ ಆಟವಾಡಲು ಒಂದು ಯಂತ್ರದ ಪ್ರೊಸೆಸರನ್ನು ಅದಕ್ಕೆ ಗೊತ್ತುಮಾಡಿದ್ದಕ್ಕಿಂತ ಜೋರಾಗಿ ಓಡುವಂತೆ ಬದಲಾಯಿಸಿದ್ದ. ಅದು ಮೊದಲು ಚೆನ್ನಾಗಿಯೇ ಓಡಿತು. ಆಮೇಲಾಮೇಲೆ ತಾನಾಗಿಯೇ ಆರಿಹೋಗತೊಡಗಿತು. ನಾನು ಆ ಹುಡುಗನನ್ನು ಬೈಯುತ್ತಿದ್ದಾಗ ಅವರು ಪೊರಕೆ ಹಿಡಿದೇ ನಿಂತು, ಯಾರಿಗೋ ಹೇಳುತ್ತಿರುವಂತೆ ಹೇಳಿದರು: "ಉಳನೂ ಅಂಗೇ. ಬಿಸಿ ಕೊಟ್ರೆ ಬಿರಬಿರನೆ ತಿಂತಾವೆ, ಬಿರಬಿರನೆ ಗೂಡು ಕಟ್ತಾವೆ. ನಾಲ್ಕು ದಿನ ಮುಂಚೆ ಕಟ್ದೋ ಅಂತ ಕುಸಿ ಪಡ್ಬೌದು. ಗೂಡು ಕೈಲಿ ಇಡ್ಕೊಂಡ್ರೆ ಗೊತ್ತಾಯ್ತದೆ, ಕಾಗ್ದ ಇದ್ದಂಗಿರ್ತದೆ." ಹುಡುಗ ಬಾಯಿ ಬಿಟ್ಟುಕೊಂಡು ನೋಡಿದ. "ಆಂಟಿ, ನೀವೇ ಪಾಠ ಮಾಡಿ" ಎಂದ. "ಮಾಡ್ತೀನಿ ಕಣ್ಲಾ, ಮೊದ್ಲು ಕಾಲೆತ್ತು, ಕಸ ಗುಡಿಸ್ಬೇಕು" ಎಂದರು.

ಮಧ್ಯಾಹ್ನ ಎರಡು ಗಂಟೆಗೆ ಕ್ಲಾಸಿರುತ್ತಿರಲಿಲ್ಲ. ಆ ಹೊತ್ತಿನಲ್ಲಿ ಅರವತ್ತು ಫ್ಯಾನುಗಳ ಒಂದೇ ಸಮನೆ ಗುಂಯ್‌ಗುಡುವಿಕೆ, ಪರದೆಗಳ ಮಂಕು ನೀಲಿ, ಯಲಹಂಕದ ಕಡೆಯಿಂದ ಹಾರಿಬಂದು ಆಕಾಶ ಸೀಳಿಕೊಂಡು ಹೋಗುವ ಒಂದು ವಿಮಾನ, ಮತ್ತೆ ಅದೇ ಗುಂಯ್. ಅವರು ಕಿಟಕಿಯ ಕೆಳಗೆ ಗೋಡೆಗೊರಗಿ ಕಾಲು ಚಾಚಿ, ಕಣ್ಣು ಮುಚ್ಚಿ ಕೂತಿರುತ್ತಿದ್ದರು. ನಿದ್ದೆ ಅಂದುಕೊಂಡರೆ ನಿದ್ದೆಯಲ್ಲ.

"ಕೇಳು ಮಗ" ಎಂದರು ಒಂದು ದಿನ. "ಕಡೇ ಜ್ವರ ಎದ್ಮೇಲೆ ಉಳ ಸೊಪ್ಪು ತಿನ್ನೋ ಸದ್ದು ಇಂಗೇ ಇರೋದು. ಮನೆ ತುಂಬಾ. ಸೋನೆ ಮಳೆ ಬಿದ್ದಂಗೆ. ಒರಗಡೆ ಬಂದು ನೋಡಿದ್ರೆ ಮಳೆನೂ ಇಲ್ಲ, ಏನೂ ಇಲ್ಲ."

ನಾನೂ ಕಣ್ಣು ಮುಚ್ಚಿದೆ. ಮೊದಲು ಫ್ಯಾನೇ ಕೇಳಿಸಿತು. ಆಮೇಲೆ ಎಲ್ಲೋ ದೂರದಲ್ಲಿ, ಬಿದಿರಿನ ತಟ್ಟೆಗಳ ಮೇಲೆ, ಕಾಣದ ಸಾವಿರಾರು ಬಾಯಿಗಳು ಎಲೆಯ ಅಂಚನ್ನು ಕತ್ತರಿಸುತ್ತಾ ಬರುತ್ತಿರುವ ಹಾಗೆ ಆಯಿತು. ಹಸಿರು ವಾಸನೆ ಬಂದಂತೆಯೂ ಆಯಿತು. ನಾನು ಹುಳದ ಮನೆ ನೋಡಿದವನೇ ಅಲ್ಲ. ಆದರೂ ಆ ಮಧ್ಯಾಹ್ನ ನಾನು ಅದರೊಳಗೆ ಕೂತಿದ್ದೆ ಅಂತಲೇ ಇವತ್ತಿಗೂ ನನ್ನ ನೆನಪು ಹೇಳುತ್ತದೆ.

ಇಷ್ಟಾಗಿಯೂ ಅವರ ಮಾತು ಕೇಳಬೇಕಾದಾಗ ನಾನು ಕೇಳಲಿಲ್ಲ.

ಆ ವರ್ಷ ಚಳಿಗಾಲದಲ್ಲಿ ಯಾರೋ ನಾಲ್ಕು ಯಂತ್ರಗಳ ಒಳಗಿನ ಮೆಮೊರಿ ಕಾರ್ಡು ಕದ್ದರು. ಪ್ರಿನ್ಸಿಪಾಲರು ತಲೆಬಿಸಿ ಮಾಡಿಕೊಂಡಿದ್ದರು. ನಾನು ಒಂದು ಉಪಾಯ ಹೇಳಿದೆ: ಪ್ರತಿ ಯಂತ್ರಕ್ಕೂ ಮೇಜಿನ ಕೆಳಗೆ ಪ್ಲೈವುಡ್ಡಿನ ಪೆಟ್ಟಿಗೆ, ಅದಕ್ಕೊಂದು ಬಾಗಿಲು, ಬಾಗಿಲಿಗೊಂದು ಬೀಗ. ಅಳತೆ, ನಕ್ಷೆ ಎಲ್ಲ ನನ್ನದೇ. ಅರವತ್ತು ಪೆಟ್ಟಿಗೆ ಸಾಲಾಗಿ ಕೂತಾಗ ಲ್ಯಾಬು ಬ್ಯಾಂಕಿನ ಹಾಗೆ ಕಾಣಿಸಿತು. ಪ್ರಿನ್ಸಿಪಾಲರು ಎಲ್ಲರ ಮುಂದೆ ನನ್ನ ಬೆನ್ನು ತಟ್ಟಿದರು.

ಅಟೆಂಡರಮ್ಮ ಮಾತ್ರ ಒಂದು ಪೆಟ್ಟಿಗೆಯ ಬಾಗಿಲು ತೆಗೆದು ಮುಚ್ಚಿ, ತೆಗೆದು ಮುಚ್ಚಿ ನೋಡಿದರು. "ಉಸಿರಾಡೋದು ಎಂಗೆ ಮಗ?"

"ಹಿಂದೆ ವೈರಿಗೆ ತೂತು ಬಿಟ್ಟಿದೀನಲ್ಲ."

"ಮುಷ್ಟಿ ಒಳ್ಗೆ ಓಗಲ್ಲ ಅದ್ರಾಗೆ."

"ಅಮ್ಮಾ, ಎಷ್ಟು ಡಿಗ್ರಿವರೆಗೂ ತಡೀತವೆ ಅಂತ ಕಂಪನಿಯವರೇ ಬರೆದಿರ್ತಾರೆ. ನಾನು ಓದಿದೀನಿ" ಎಂದೆ. ಕೊನೆಯ ಮಾತನ್ನು ಸ್ವಲ್ಪ ಒತ್ತಿಯೇ ಹೇಳಿದೆ. ಅವರು ಬಾಗಿಲು ಹಾಕಿ ಎದ್ದುಹೋದರು. ಅಂದಿನಿಂದ ಕೈ ಮುಟ್ಟಿಸಿ ನೋಡಲು ಅವರಿಗೆ ಯಂತ್ರದ ಮೈ ಸಿಗಲಿಲ್ಲ, ಪ್ಲೈವುಡ್ಡು ಸಿಕ್ಕಿತು.

ಏಪ್ರಿಲ್ ಬಂತು. ನಮ್ಮ ಲ್ಯಾಬನ್ನು ಆನ್‌ಲೈನ್ ಪರೀಕ್ಷೆಗಳ ಕೇಂದ್ರ ಮಾಡಿಕೊಳ್ಳಬಹುದೇ ಎಂದು ನೋಡಲು ಹೊರಗಿನಿಂದ ಇಬ್ಬರು ಬರುವುದಿತ್ತು. ಅದು ಸಿಕ್ಕರೆ ಕಾಲೇಜಿಗೆ ಆದಾಯ, ನನಗೆ ಕೆಲಸ ಖಾಯಂ. ಪ್ರಿನ್ಸಿಪಾಲರು ಹಾಗಂತ ಬಾಯಿಬಿಟ್ಟೇ ಹೇಳಿದ್ದರು. ಬಿಸಿಲು ಮಾತ್ರ ಬಿಡುವಂತಿರಲಿಲ್ಲ. ಆ ಇಬ್ಬರು ಬರುವ ಹಿಂದಿನ ದಿನ ಅಟೆಂಡರಮ್ಮ ಎಲ್ಲಿಂದಲೋ ನಾಲ್ಕು ಗೋಣಿಚೀಲ ತಂದು, ನೀರಿನಲ್ಲಿ ಅದ್ದಿ, ಪಶ್ಚಿಮದ ಕಿಟಕಿಗಳಿಗೆ ನೇತು ಹಾಕಿದರು. ಬೇಸಿಗೆಯಲ್ಲಿ ಹುಳದ ಮನೆಗೆ ಹಾಗೆಯೇ ಮಾಡುತ್ತಿದ್ದರಂತೆ. ಗೋಣಿಯ ಸಂದಿನಿಂದ ಬಂದ ಗಾಳಿ ನಿಜಕ್ಕೂ ತಂಪಾಗಿತ್ತು, ಮಣ್ಣಿನ ವಾಸನೆ ಇತ್ತು. ಕರೆಂಟಿರುವ ಕಡೆ ಒದ್ದೆ ಬಟ್ಟೆ ಸರಿಯಲ್ಲ ಅಂತ ನನಗೆ ಗೊತ್ತಿತ್ತು. ತಂಪಾಗಿದೆಯಲ್ಲ ಎಂದು ಸುಮ್ಮನಿದ್ದೆ.

ಶನಿವಾರ ಆ ಇಬ್ಬರು ಬಂದು, ಅರವತ್ತೂ ಯಂತ್ರಗಳಲ್ಲಿ ಹುಡುಗರನ್ನು ಕೂರಿಸಿ ಮಾದರಿ ಪರೀಕ್ಷೆ ಶುರುಮಾಡಿದರು. ಮುಕ್ಕಾಲು ಗಂಟೆ ಏನೂ ಆಗಲಿಲ್ಲ. ಆಮೇಲೆ ಎರಡನೇ ಸಾಲಿನಲ್ಲಿ ಒಬ್ಬ ಕೈಯೆತ್ತಿದ, "ಸರ್, ಮೌಸ್ ಅಲ್ಲಾಡ್ತಿಲ್ಲ." ಅವನ ಪಕ್ಕದವನ ಪರದೆ ಕಪ್ಪಾಯಿತು. ಹಿಂದಿನ ಸಾಲಿನ ಮೂರು ಯಂತ್ರ ತಾವೇ ಆರಿ ತಾವೇ ಹೊತ್ತಿಕೊಂಡವು. ಎಲ್ಲ ಕಡೆಯಿಂದಲೂ ಕೈಗಳು ಮೇಲೇಳುತ್ತಿದ್ದವು. ನಾನು ಮೇಜಿನ ಕೆಳಗೆ ಬಗ್ಗಿ ಒಂದು ಪೆಟ್ಟಿಗೆಯ ಬೀಗ ತೆಗೆದೆ. ಒಲೆಯ ಬಾಯಿ ತೆರೆದಂತೆ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಒಂದೇ ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ಯಂತ್ರ ಬಿಟ್ಟ ಬಿಸಿಗಾಳಿಯನ್ನೇ ಯಂತ್ರ ಮತ್ತೆ ಎಳೆದುಕೊಳ್ಳುತ್ತಿತ್ತು.

ನಾನು ಬಾಗಿಲು ಮುಚ್ಚಿ ಬೀಗ ಹಾಕಿದೆ. ತಲೆಯೆತ್ತಿದರೆ ಅಟೆಂಡರಮ್ಮ ಕಿಟಕಿಯ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಪ್ರಿನ್ಸಿಪಾಲರು ಒಳಗೆ ಬಂದರು. ಅವರ ಕಣ್ಣಿಗೆ ಮೊದಲು ಬಿದ್ದದ್ದು ಗೋಣಿಯಿಂದ ತೊಟ್ಟಿಕ್ಕಿ ನೆಲದ ಮೇಲೆ ನಿಂತಿದ್ದ ನೀರು. ಅದರಿಂದ ಒಂದು ಮೊಳ ದೂರದಲ್ಲಿ ಸ್ವಿಚ್ ಬೋರ್ಡು.

"ಕಂಪ್ಯೂಟರ್ ರೂಮಿಗೆ ನೀರು ಯಾರ್ ತಂದಿದ್ದು?"

"ನಾನೇ ಸಾರ್. ತಂಪಿಗೆ."

"ತಂಪಿಗಾ? ಇದೇನು ದನದ ಕೊಟ್ಟಿಗೇನಮ್ಮಾ? ಒದ್ದೆ ಆಗಿ ಎಲ್ಲಾ ಕೆಟ್ಟು ಕೂತಿವೆ ನೋಡಿ. ಅಲ್ವೇನಯ್ಯಾ?"

ಕೊನೆಯ ಪ್ರಶ್ನೆ ನನಗೆ. ಹೊರಗಿನಿಂದ ಬಂದ ಇಬ್ಬರೂ ನನ್ನ ಕಡೆ ತಿರುಗಿದರು. ಯಾರ್ಡಿನಲ್ಲಿ ಟೀ ಕೊಡಿಸಿದ ಅಪ್ಪನ ಮುಖ ಕಣ್ಣ ಮುಂದೆ ಬಂತು.

"ಒದ್ದೆ ಇದ್ರೆ ತೊಂದರೆನೇ ಸರ್" ಎಂದೆ.

ಅದು ಸುಳ್ಳಲ್ಲ. ಅದಕ್ಕೇ ಅಷ್ಟು ಸಲೀಸಾಗಿ ಬಾಯಿಂದ ಬಂತು. ಪ್ರಿನ್ಸಿಪಾಲರು ಅವರನ್ನು ಆಗಲೇ ಲ್ಯಾಬಿನಿಂದ ಕೆಳಗೆ ಕಳಿಸಿದರು. ಈ ತಿಂಗಳು ಗೇಟಿನ ಹತ್ತಿರ ಕೂತು ಬೆಲ್ ಹೊಡೆಯಲಿ, ತಿಂಗಳಾದ ಮೇಲೆ ಬರುವುದು ಬೇಡ ಎಂದರು. ಬಂದಿದ್ದ ಇಬ್ಬರು, ಸರಿಪಡಿಸಿ, ಇನ್ನೊಂದು ಸಲ ನೋಡುತ್ತೇವೆ ಅಂತ ಹೇಳಿ ಹೋದರು.

ಸೋಮವಾರ ನಾನು ಬಡಗಿಯನ್ನು ಕರೆಸಿ ಅರವತ್ತು ಬಾಗಿಲನ್ನೂ ತೆಗೆಸಿದೆ. ಬೀಗದ ಬದಲು ಒಂದೊಂದು ಸರಪಳಿ ಹಾಕಿಸಿದೆ. ಯಂತ್ರಗಳು ತಣ್ಣಗಾದವು. ಎರಡು ಮಾತ್ರ ಹಾಗೇ ನಿಂತುಹೋದವು. ಬಿಚ್ಚಿ ನೋಡಿದರೆ ಬೋರ್ಡಿನ ಮೇಲಿನ ಪುಟ್ಟ ಡಬ್ಬಿಯಂಥ ಕೆಪಾಸಿಟರುಗಳ ತಲೆ ಉಬ್ಬಿಕೊಂಡಿತ್ತು. ಕಣ್ಣಿಗೆ ಕಾಣುವ ಪೆಟ್ಟು ಅಷ್ಟು. ಕಾಣದ್ದು ಬೇರೆ ಇರುತ್ತದೆ. ಶಾಖ ಹೆಚ್ಚಾದಷ್ಟೂ ಪ್ರೊಸೆಸರಿನೊಳಗೆ ಕೂದಲಿಗಿಂತ ಸಣ್ಣ ತಂತಿಗಳಲ್ಲಿ ವಿದ್ಯುತ್ತಿನ ಹರಿವು ಲೋಹದ ಕಣಗಳನ್ನೇ ತಳ್ಳಿಕೊಂಡು ಹೋಗುತ್ತದೆ, ಹೊಳೆ ದಂಡೆಯ ಮಣ್ಣನ್ನು ಕೊಚ್ಚಿಕೊಂಡು ಹೋಗುವ ಹಾಗೆ. ಅವತ್ತೇ ಏನೂ ಆಗುವುದಿಲ್ಲ. ಆಯುಸ್ಸು ಕಡಿಮೆಯಾಗಿರುತ್ತದೆ, ಅಷ್ಟೇ. ನೋಡಿದವರಿಗೆ ಚೆನ್ನಾಗಿಯೇ ಇದೆ ಅನ್ನಿಸುತ್ತದೆ. ಪ್ರಿನ್ಸಿಪಾಲರಿಗೂ ಹಾಗೇ ಅನ್ನಿಸಿತು. "ನೋಡಿದ್ಯಾ, ಗೋಣಿ ತೆಗೆದ ತಕ್ಷಣ ಎಲ್ಲಾ ಸರಿಹೋಯ್ತು" ಎಂದರು. ನಾನು ತಲೆಯಾಡಿಸಿದೆ.

ದಿನಾ ಗೇಟು ದಾಟುವಾಗ ಅವರು ಸ್ಟೂಲಿನ ಮೇಲಿಂದ ಕೇಳುತ್ತಿದ್ದರು, "ಉಂಡ್ಯಾ ಮಗ?" ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಎಂಟನೆಯ ದಿನ, ಭಾನುವಾರ, ಕೋಗಿಲಿಗೆ ಹೋದೆ. ಹಳೆಯ ಹುಳದ ಮನೆಗೆ ನಡುವೆ ಗೋಡೆ ಎತ್ತಿ ಎರಡು ಸಂಸಾರಗಳಿಗೆ ಬಾಡಿಗೆ ಕೊಟ್ಟಿದ್ದರು. ಒಳಗೆ ಯಾರೋ ಒಗ್ಗರಣೆ ಹಾಕುತ್ತಿದ್ದರು. ಅವರು ಮುಂದಿನ ಜಗಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ನಾನು ಕೂತುಕೊಳ್ಳದೆ ಹೇಳಿದೆ, "ಅಮ್ಮ, ಗೋಣಿಯಿಂದ ಆಗಿದ್ದಲ್ಲ ಅದು. ನನ್ನ ಪೆಟ್ಟಿಗೆಯಿಂದ."

"ಬಾಗ್ಲು ತೆಗ್ಸಿದ್ಯಾ?"

"ಎಲ್ಲಾ ತೆಗೆಸಿದೆ."

"ಈಗ ಎಂಗವೆ?"

"ತಣ್ಣಗಿವೆ."

ತಲೆಯಾಡಿಸಿ ಇನ್ನೊಂದಷ್ಟು ಕಾಯಿ ಸುಲಿದರು. ಆಮೇಲೆ ಹಿತ್ತಲ ಕಡೆ ಕೈ ತೋರಿಸಿದರು. "ಆ ಮನೇಲಿ ಒಂದ್ಸಲ ತಟ್ಟೆ ತಟ್ಟೆ ಉಳನೇ ಸತ್ತೋದೊ. ನಾನೇ ಕೊಂದಿದ್ದು. ಚಳಿ ಐತೆ ಅಂತ ಕಿಟ್ಕಿ ಮುಚ್ಚಿ ಇದ್ಲೊಲೆ ಇಟ್ಟಿದ್ದೆ. ತವ್ರಿಂದ ಅಣ್ಣ ಬಂದಿದ್ದ, ಮಾತಾಡ್ತಾ ಮರ್ತೋದೆ. ಸಂಜೆ ಬಾಗ್ಲು ತೆಗುದ್ರೆ ಉಸಿರು ಕಟ್ತು. ನಾಕು ದಿನದಾಗೆ ಎಲ್ಲಾ ಸಪ್ಪೆ ಬಿದ್ದೋ. ಅತ್ತೆ ಕೇಳಿದ್ಲು. ಪಕ್ಕದ್ಮನೆ ಅಕ್ಕ ಅವ್ರೆಕಾಯಿ ಗಿಡಕ್ಕೆ ಔಸ್ದಿ ಒಡ್ದಿದ್ಲು, ಗಾಳೀಗೆ ನಮ್ ಸೊಪ್ಪಿಗೆ ಬಿತ್ತು ಅಂದ್ಬುಟ್ಟೆ."

"ಆಮೇಲೆ?"

"ಆಮೇಲೇನು. ಎರಡು ಮನೆಗೂ ಮಾತು ನಿಂತೋಯ್ತು. ಆಯಕ್ಕ ನಂಗೆ ಬಾಣಂತನ ಮಾಡ್ದೋಳು. ಅವ್ಳು ಸಾಯೋಗಂಟ ನಾನು ಯೇಳ್ಲಿಲ್ಲ." ಕೈಯಲ್ಲಿದ್ದ ಕಾಯಿಯನ್ನು ಸುಲಿಯದೆ ಹಾಗೇ ಹಿಡಿದುಕೊಂಡಿದ್ದರು. "ನೀನು ಎಂಟು ದಿನಕ್ಕೇ ಬಂದ್ಬುಟ್ಟೆ."

ನಾನು ಜಗಲಿಯ ಅಂಚಿನ ಮೇಲೆ ಕೂತೆ.

"ಆದ್ರೆ ನಂಗೆ ಯೇಳಿ ಏನ್ ಬಂತು ಮಗ? ನೀನು ಪೆಟ್ಗೆ ತೆಗ್ದು ಮುಚ್ಚಿದ್ನ ನಾನು ಅವತ್ತೇ ನೋಡಿದ್ದೆ. ಯೇಳ್ಬೇಕಾದೋರ್ಗೆ ಯೇಳು."

ಮಾರನೆಯ ಬೆಳಿಗ್ಗೆ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಪೆಟ್ಟಿಗೆಯ ವಿಷಯ, ಬಾಗಿಲು ತೆಗೆದು ಮುಚ್ಚಿದ ವಿಷಯ, ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಂದು ವಾರದಿಂದ ಯಾಕಯ್ಯಾ ಸುಮ್ಮನಿದ್ದೆ?"

"ಕೆಲಸ ಹೋಗುತ್ತೆ ಅಂತ ಹೆದರಿಕೆ ಸರ್."

"ಈಗ ಹೆದರಿಕೆ ಇಲ್ವಾ?"

"ಈಗಲೂ ಇದೆ ಸರ್."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ನಿನ್ನ ವಿಚಾರ ಆಮೇಲೆ ಮಾತಾಡೋಣ" ಎಂದು, ಗೇಟಿನಿಂದ ಅಟೆಂಡರಮ್ಮನನ್ನು ಕರೆಸಿದರು. ಅವರು ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದು ನಿಂತರು. ನನ್ನ ಕಡೆ ನೋಡಲಿಲ್ಲ.

"ಅಮ್ಮಾ, ನಮ್ಮಿಂದ ತಪ್ಪಾಗಿದೆ" ಎಂದರು ಪ್ರಿನ್ಸಿಪಾಲರು. "ಒದ್ದೆ ಗೋಣಿ ಮಾತ್ರ ಇನ್ನು ಬೇಡ. ನಾಳೆಯಿಂದ ನೀವು ಲ್ಯಾಬಿಗೇ ಹೋಗಿ."

"ನಾಳೆ ಯಾಕೆ ಸಾರ್? ಬಿಸ್ಲು ಈಗ್ಲೇ ಏರ್ತಾ ಐತೆ" ಎಂದು ಅವರು ಕೈ ಚಾಚಿದರು. "ಲ್ಯಾಬಿನ ಕೀ ಕೊಡಿ."